ಗಲ್ಫ್ ಕರಾವಳೀಲಿ ಟೆಂಟ್ ಹಾಕ್ಕೊಂಡು ಹಳೇ ಜಾಗಗಳಿಗೆ ಮತ್ತೆ ಹೋಗ್ಬರೋದು ಹೇಗೆ: ಹ್ಯೂಸ್ಟನ್‌ನಿಂದ ಪೆನ್ಸಕೋಲಾವರೆಗೆ

1990ರ ದಶಕದಲ್ಲಿ ನಾವು ಟೆಕ್ಸಸ್‌ನ ಹ್ಯೂಸ್ಟನ್ ಪಕ್ಕ ಕ್ಲಿಯರ್ ಲೇಕ್‌ನಲ್ಲಿದ್ವಿ. ಆಗ ಕೈಲಿ ದುಡ್ಡು ಕಮ್ಮಿ, ಹೋಟೆಲ್ ರೂಮಿಗೆಲ್ಲ ಕೊಡೋಕೆ ಮನಸ್ಸು ಬರ್ತಿರ್ಲಿಲ್ಲ, ಶುಕ್ರವಾರ ಸಂಜೆ ಇವ್ರು ಆಫೀಸಿಂದ ಬಂದ ತಕ್ಷಣ ಟೆಂಟು, ಕುಕ್ಕರು, ಎರಡು ಮಕ್ಳು ಎಲ್ಲಾ ಕಾರಿಗೆ ತುಂಬ್ಕೊಂಡು ಗಲ್ಫ್ ಕಡೆ, ಅಂದ್ರೆ ಮೆಕ್ಸಿಕೋ ಕೊಲ್ಲಿಯ ದಡಕ್ಕೆ, ಹೊರಟ್ಬಿಡ್ತಿದ್ವಿ. ಆಮೇಲೆ ಕೆಲಸದ ಮೇಲೆ ಊರು ಬಿಟ್ವಿ, ಮಕ್ಳು ದೊಡ್ಡವ್ರಾಗಿ ಅವ್ರವ್ರ ದಾರಿ ಹಿಡಿದ್ರು, ಟೆಂಟು ಗರಾಜಿನ ಅಟ್ಟ ಸೇರ್ತು. ಹೋದ ಏಪ್ರಿಲ್‌ನಲ್ಲಿ ನಾವಿಬ್ರೇ 11 ದಿನ ಅದೇ ದಾರೀಲಿ ಫ್ಲೋರಿಡಾದ ಪೆನ್ಸಕೋಲಾವರೆಗೆ ಹೋಗ್ಬಂದ್ವಿ. ನಮ್ಮ ವಯಸ್ಸಿನ ಸುಮಾರು ಜನ ಕನ್ನಡದವ್ರು ಟೆಕ್ಸಸ್‌ನಲ್ಲಿ ಇದ್ದಾರೆ, ಅವ್ರಿಗೂ ಇಂಥಾ ಹಳೇ ಜಾಗಗಳಿರತ್ತೆ, ಹೋಗೋ ಆಸೆ ಇರತ್ತೆ, ಅದಕ್ಕೆ ನಾವು ಹೇಗೆ ತಯಾರಿ ಮಾಡ್ಕೊಂಡ್ವಿ ಅಂತ ಒಂದೊಂದಾಗಿ ಬರೀತಿದೀನಿ.

ಮೊದ್ಲು ಇಬ್ರೂ ಬೇರೆ ಬೇರೆ ಪಟ್ಟಿ ಬರೀರಿ

ಹೊರಡೋಕೆ ಆರೇಳು ತಿಂಗಳಿರೋವಾಗ ಹಳೇ ಫೋಟೋ ಆಲ್ಬಮ್‌ಗಳನ್ನ ಇಳಿಸಿ. ನೋಡೋಕೆ ಮುಂಚೆ ಇಬ್ರೂ ಒಂದೊಂದು ಹಾಳೆ ತಗೊಂಡು, ಒಬ್ರಿಗೊಬ್ರು ತೋರಿಸ್ದೆ, ಮತ್ತೆ ನೋಡ್ಲೇಬೇಕು ಅನ್ಸೋ 5 ಜಾಗ ಬರೀರಿ. ಇದನ್ನ ಬಿಡ್ಬೇಡಿ, ಯಾಕಂದ್ರೆ ಒಟ್ಟಿಗೆ ಕೂತು ಬರೆದ್ರೆ ಒಬ್ರು ಹೇಳಿದ್ದಕ್ಕೆ ಇನ್ನೊಬ್ರು ಹೂಂ ಅಂದ್ಬಿಡ್ತೀವಿ. ಇವ್ರು ಬರೆದಿದ್ದು ಫೆರ್ರಿ, ಲೈಟ್‌ಹೌಸು, ಫಿರಂಗಿ ಕೋಟೆ. ನಾನು ಬರೆದಿದ್ದು ಗ್ಯಾಲ್ವೆಸ್ಟನ್ ಪಾರ್ಕಲ್ಲಿ ಮಗ ಮೊದಲನೇ ಸಲ ಅಲೆಗೆ ಕಾಲು ಕೊಟ್ಟ ಜಾಗ, ಹೈ ಐಲೆಂಡ್‌ನ ಓಕ್ ಮರಗಳು, ಪಿಕೆನ್ಸ್ ಕೋಟೆ ಹತ್ರದ ಬಿಳಿ ಮರಳು. ಎರಡೂ ಪಟ್ಟೀಲಿ ಇರೋದು ಖಂಡಿತ ಹೋಗೋ ಜಾಗ, ಒಬ್ರದ್ದು ಮಾತ್ರ ಇರೋದ್ರಲ್ಲಿ ತಲಾ ಎರಡು ಇಟ್ಕೊಳ್ಳಿ, ಅಷ್ಟೇ ಸಾಕು, ಜಾಸ್ತಿ ಆದ್ರೆ ಬರೀ ಕಾರೋಡಿಸೋದೇ ಆಗತ್ತೆ.

ಜಾಗ ಇನ್ನೂ ಇದ್ಯಾ ಅಂತ ನೋಡ್ಕೊಳ್ಳಿ

ಗಲ್ಫ್ ಕರಾವಳಿಗೆ ಇದು ಬಹಳ ಮುಖ್ಯ. ನಮ್ಮೂರಲ್ಲಿ ಮೂವತ್ತು ವರ್ಷ ಬಿಟ್ಟು ಹೋದ್ರೂ ಅರಳಿಕಟ್ಟೆ ಅಲ್ಲೇ ಇರತ್ತೆ, ಇಲ್ಲಿ ಹಾಗಲ್ಲ. 2005ರಲ್ಲಿ ಕತ್ರೀನಾ, ಅದ್ರ ಹಿಂದೇನೇ ರೀಟಾ, 2008ರಲ್ಲಿ ಐಕ್, 2020ರಲ್ಲಿ ಲಾರಾ, ಸ್ಯಾಲಿ, ಒಂದೊಂದು ಚಂಡಮಾರುತವೂ ದಡವನ್ನ ಬೇರೆ ಕಡೆ ಎಳೆದಿಟ್ಟು ಹೋಗಿದೆ. ನಿಮ್ಮ ತಲೇಲಿರೋ ಮ್ಯಾಪ್ ನಂಬ್ಕೊಂಡು ಹೋದ್ರೆ ರಸ್ತೆನೇ ಇರಲ್ಲ.

ಲ್ಯಾಪ್‌ಟಾಪ್‌ನಲ್ಲಿ ಗೂಗಲ್ ಅರ್ಥ್ ಪ್ರೋ ಹಾಕ್ಕೊಳ್ಳಿ, ಫ್ರೀ ಸಿಗತ್ತೆ, ಅದ್ರಲ್ಲಿ ಹಳೇ ವರ್ಷದ ಉಪಗ್ರಹ ಚಿತ್ರಗಳನ್ನ ಹಿಂದಕ್ಕೆ ಎಳೆದು ನೋಡೋ ಒಂದು ಗಡಿಯಾರದ ಬಟನ್ ಇದೆ. ನಿಮ್ಮ ಜಾಗಕ್ಕೆ ಹೋಗಿ, 1990ರ ದಶಕದ ಚಿತ್ರಕ್ಕೆ ಎಳೀರಿ, ಅಲ್ಲೊಂದು ಪಿನ್ ಚುಚ್ಚಿ, ಆಮೇಲೆ ಇವತ್ತಿನ ಚಿತ್ರಕ್ಕೆ ಬನ್ನಿ. ನಾವು ಗ್ಯಾಲ್ವೆಸ್ಟನ್ ಐಲೆಂಡ್ ಸ್ಟೇಟ್ ಪಾರ್ಕಿನಲ್ಲಿ ಯಾವಾಗ್ಲೂ ಟೆಂಟ್ ಹಾಕ್ತಿದ್ದ ಜಾಗಕ್ಕೆ ಪಿನ್ ಚುಚ್ಚಿ ಮುಂದಕ್ಕೆ ಬಂದ್ರೆ ಅದು ಮರಳಲ್ಲಿ ಇತ್ತು, ಟೆಂಟ್ ಹಾಕೋ ಸೈಟೂ ಇಲ್ಲ, ರಸ್ತೇನೂ ಇಲ್ಲ. ಐಕ್ ಬಂದು ಬೀಚ್ ಕಡೆಯದ್ದನ್ನೆಲ್ಲ ಹೊಡ್ಕೊಂಡು ಹೋದ್ಮೇಲೆ ಅದನ್ನ ಪೂರ್ತಿ ಹೊಸದಾಗಿ ಕಟ್ಟಿ 2022ರಲ್ಲಿ ತೆರೆದಿದಾರೆ. ಇದನ್ನ ಮನೇಲೇ ಕೂತು ನೋಡಿದ್ದು ಎಷ್ಟೋ ಒಳ್ಳೇದಾಯ್ತು, ಅಳೋದನ್ನ ಮನೇಲೇ ಅತ್ಬಿಟ್ಟು ಅಲ್ಲಿಗೆ ಹೋದಾಗ ಸಮಾಧಾನವಾಗಿದ್ವಿ. ಆ ಪಿನ್ನಿನ ನಂಬರನ್ನ (ಅಕ್ಷಾಂಶ, ರೇಖಾಂಶ) ಫೋನಿಗೆ ಹಾಕ್ಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತ್ಕೋಬಹುದು.

ಇನ್ನೊಂದು, ಪಾರ್ಕಿನ ಆಫೀಸಿಗೆ ಫೋನ್ ಮಾಡಿ ಕೇಳಿ. ವೆಬ್‌ಸೈಟ್‌ನಲ್ಲಿ ತೆರೆದಿದೆ ಅಂತಿರತ್ತೆ, ಆದ್ರೆ ಸ್ನಾನದ ಮನೆ ರಿಪೇರೀಲಿರತ್ತೆ, ನೀರಿನ ಮೇಲೆ ಚಾಚಿರೋ ಪಿಯರ್ ಕಟ್ಟೆ ಅರ್ಧ ಇರತ್ತೆ. ಈ ಥರದ್ದೆಲ್ಲ ಅಲ್ಲಿರೋವ್ರು ಒಂದು ನಿಮಿಷದಲ್ಲಿ ಹೇಳ್ತಾರೆ.

ಯಾವಾಗ ಹೋಗ್ಬೇಕು

ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30. ಬೇಸಿಗೇಲಿ ಟೆಂಟಲ್ಲಿ ಮಲಗೋದು ನಮ್ಮ ವಯಸ್ಸಿಗೆ ಬೇಡವೇ ಬೇಡ, ರಾತ್ರೀನೂ ಬೆವರು ಆರಲ್ಲ. ಮಾರ್ಚ್ ಮಧ್ಯದಲ್ಲಿ ಸ್ಪ್ರಿಂಗ್ ಬ್ರೇಕ್ ರಜೆಗೆ ಬರೋ ಕಾಲೇಜ್ ಹುಡುಗರ ಗಲಾಟೆ. ಏಪ್ರಿಲ್ ಎರಡನೇ ವಾರದಿಂದ ಕೊನೇವರೆಗೆ ಒಳ್ಳೇದು, ಇಲ್ಲಾಂದ್ರೆ ನವೆಂಬರ್. ನಾನು ಏಪ್ರಿಲ್ಲೇ ಅಂತ ಹಟ ಹಿಡಿದಿದ್ದು ಹಕ್ಕಿಗಳಿಗೋಸ್ಕರ, ಅದನ್ನ ಮುಂದೆ ಹೇಳ್ತೀನಿ.

ಬುಕಿಂಗು, ಪಾಸು

ಟೆಕ್ಸಸ್ ಸ್ಟೇಟ್ ಪಾರ್ಕ್ ಸೈಟುಗಳನ್ನ 5 ತಿಂಗಳು ಮುಂಚೆ ಬುಕ್ ಮಾಡ್ಬಹುದು. ಕೇಂದ್ರ ಸರ್ಕಾರ ನೋಡ್ಕೊಳ್ಳೋ ಪಾರ್ಕಾದ ಗಲ್ಫ್ ಐಲೆಂಡ್ಸ್ ನ್ಯಾಷನಲ್ ಸೀಶೋರ್‌ನ ಎರಡು ಕ್ಯಾಂಪ್‌ಗ್ರೌಂಡ್, ಅಂದ್ರೆ ಮಿಸಿಸಿಪ್ಪಿಯ ಡೇವಿಸ್ ಬಾಯೂ ಮತ್ತೆ ಫ್ಲೋರಿಡಾದ ಫೋರ್ಟ್ ಪಿಕೆನ್ಸ್, ರಿಕ್ರಿಯೇಷನ್ ಡಾಟ್ ಗವ್ ವೆಬ್‌ಸೈಟ್‌ನಲ್ಲಿ 6 ತಿಂಗಳು ಮುಂಚೆ ತೆರೆಯತ್ತೆ, ತೆರೆದ ದಿನಾನೇ ವಾರಾಂತ್ಯದ್ದೆಲ್ಲ ಬುಕ್ ಆಗ್ಬಿಡತ್ತೆ. ಕೆಲಸದಿಂದ ರಿಟೈರ್ ಆಗಿದ್ರೆ ಭಾನುವಾರದಿಂದ ಗುರುವಾರದವರೆಗೆ ನೋಡಿ. ಸಿಗ್ಲಿಲ್ಲ ಅಂತ ಕೈಬಿಡ್ಬೇಡಿ, ಹೊರಡೋ ವಾರದಲ್ಲಿ ಕ್ಯಾನ್ಸಲ್ ಮಾಡೋವ್ರು ಜಾಸ್ತಿ, ನಮಗೆ ಫೋರ್ಟ್ ಪಿಕೆನ್ಸ್‌ನಲ್ಲಿ ಮೂರನೇ ರಾತ್ರಿ ಸಿಕ್ಕಿದ್ದು ಹಾಗೇನೇ.

ಇಬ್ರಲ್ಲಿ ಒಬ್ರಿಗಾದ್ರೂ 62 ತುಂಬಿದ್ರೆ, ಸಿಟಿಜನ್ ಅಥ್ವಾ ಗ್ರೀನ್ ಕಾರ್ಡ್ ಇದ್ರೆ, ಸೀನಿಯರ್ ಪಾಸ್ ತಗೊಳ್ಳಿ. ಜೀವನ ಪೂರ್ತಿಗೆ 80 ಡಾಲರ್, ಒಂದು ವರ್ಷಕ್ಕಾದ್ರೆ 20. ಎಲ್ಲಾ ನ್ಯಾಷನಲ್ ಪಾರ್ಕಿಗೂ ಕಾರಲ್ಲಿರೋವ್ರಿಗೆಲ್ಲ ಪ್ರವೇಶ, ಮೇಲಿಂದ ಈ ಎರಡು ಕ್ಯಾಂಪ್‌ಗ್ರೌಂಡ್‌ನಲ್ಲೂ ಅರ್ಧ ರೇಟು. ಸ್ಟೇಟ್ ಪಾರ್ಕುಗಳಲ್ಲಿ ಇದು ನಡೆಯಲ್ಲ.

ಸಾಮಾನು: ಮರಳು, ಗಾಳಿ, ಉಪ್ಪು ಮೂರನ್ನೂ ನೆನಪಿಟ್ಕೊಂಡು ಕಟ್ಟಿ

ಎದ್ದು ನಿಂತ್ಕೊಳ್ಳೋಷ್ಟು ಎತ್ತರದ ಟೆಂಟು ತಗೊಳ್ಳಿ, ಬಗ್ಗಿ ಬಟ್ಟೆ ಹಾಕ್ಕೊಳ್ಳೋ ಮಂಡಿ ಈಗಿಲ್ಲ. ಗಾಳಿ ತುಂಬೋ ಹಾಸಿಗೆಗಿಂತ ಮಡಚೋ ಕ್ಯಾಂಪ್ ಮಂಚ ಒಳ್ಳೇದು, ಬೆಳಿಗ್ಗೆ ಏಳೋವಾಗ ಗೊತ್ತಾಗತ್ತೆ.

ಟೆಂಟಿನ ಜೊತೆ ಬರೋ ಸಣ್ಣ ಗೂಟಗಳು ಮರಳಲ್ಲಿ ನಿಲ್ಲಲ್ಲ, ಸಂಜೆ ಗಾಳಿ ಎದ್ರೆ ಬೆಣ್ಣೇಲಿ ಚುಚ್ಚಿದ ಕಡ್ಡಿ ಥರ ಬಂದ್ಬಿಡತ್ತೆ. ಇದಕ್ಕೆ ನಾವು ಆವಾಗಿಂದ ಮಾಡೋ ಉಪಾಯ ಇದೆ, ದುಡ್ಡು ಖರ್ಚಿಲ್ಲ. ಇಂಡಿಯನ್ ಸ್ಟೋರಿಂದ ತರ್ತೀವಲ್ಲ 20 ಪೌಂಡಿನ ಸೋನಾ ಮಸೂರಿ ಚೀಲ, ಖಾಲಿ ಆದ್ಮೇಲೆ ಎಸೀಬೇಡಿ, ಒಂದಾರು ಎತ್ತಿಡಿ. ಅಲ್ಲಿ ಹೋಗಿ ಸೈಟಿನ ಒಳಗಿನ ಮರಳನ್ನೇ ಅರ್ಧಕ್ಕೆ ತುಂಬಿ, ಬಾಯಿ ಕಟ್ಟಿ, ಟೆಂಟಿನ ಹಗ್ಗಾನ ಆ ಕುತ್ತಿಗೆಗೇ ಬಿಗಿದು, ಒಂದಡಿ ಗುಂಡೀಲಿ ಹೂತು ಮೇಲೆ ಮರಳೆಳೆದು ತುಳೀರಿ. ಹಗ್ಗ ಟೆಂಟಿಂದ ಓರೆಯಾಗಿ ಇಳೀಬೇಕು, ನೆಟ್ಟಗಲ್ಲ. ಇವ್ರು ಹೂತ್ರೆ ನಾನು ಮೇಲೆ ನಿಂತು ತುಳಿಯೋದು, ಅದು ಮೂವತ್ತು ವರ್ಷದಿಂದ್ಲೂ ಹಾಗೇ. ಮರಳಿನ ದಿಬ್ಬದ ಮೇಲೆ ಮಾತ್ರ ಅಗೀಬೇಡಿ, ಅಲ್ಲಿ ಬೆಳೆಯೋ ಸೀ ಓಟ್ಸ್ ಹುಲ್ಲೇ ದಡಾನ ಹಿಡ್ಕೊಂಡಿರೋದು, ಅದನ್ನ ಕಿತ್ರೆ ಫ್ಲೋರಿಡಾದಲ್ಲಿ ಕಾನೂನು ಪ್ರಕಾರ ಅಪರಾಧ. ಕೆಲವು ಸೈಟಲ್ಲಿ ನೆಲಕ್ಕೆ ಜಲ್ಲಿ ಹಾಕಿ ಗಟ್ಟಿ ಮಾಡಿರ್ತಾರೆ, ಅಲ್ಲಿಗೆ ದಪ್ಪ ಕಬ್ಬಿಣದ ಗೂಟ ಒಂದು ಸೆಟ್ ಇರ್ಲಿ.

ಸೊಳ್ಳೆಗೆ ಪಿಕಾರಿಡಿನ್ ಇರೋ ಸ್ಪ್ರೇ ತಗೊಳ್ಳಿ, ಡೀಟ್ ಇರೋದು ಕೆಲಸ ಮಾಡತ್ತೆ ಆದ್ರೆ ಪ್ಲಾಸ್ಟಿಕ್ಕನ್ನ ಹಾಳು ಮಾಡತ್ತೆ, ಕನ್ನಡಕದ ಫ್ರೇಮಿಗೆ ತಾಗಿದ್ರೆ ಅಂಟಂಟು. ಸೊಳ್ಳೆಗಿಂತ ಕಾಟ ಅಂದ್ರೆ ಕಣ್ಣಿಗೇ ಕಾಣದ ನೋ-ಸೀ-ಅಮ್ ನೊಣಗಳು, ಮಾಮೂಲಿ ಜಾಲರಿ ದಾಟ್ಕೊಂಡು ಬರತ್ತೆ, ಗಾಳಿ ನಿಂತ ಸಂಜೆ ಬಹಳ. ಸಣ್ಣ ಕಣ್ಣಿನ ಜಾಲರಿ ಇರೋ ಟೆಂಟು, ಜೊತೆಗೊಂದು ಬ್ಯಾಟರಿ ಫ್ಯಾನು, ಗಾಳಿ ಆಡ್ತಿದ್ರೆ ಅವು ಹಾರೋಕಾಗಲ್ಲ.

ಕೊಬ್ಬರಿ ಎಣ್ಣೆ ಮರೀಬೇಡಿ. ಟೆಕ್ಸಸ್ ಬೀಚಲ್ಲಿ ಕಾಲಿಗೆ ಡಾಂಬರು ಉಂಡೆ ಮೆತ್ಕೊಳ್ಳತ್ತೆ, ಸೋಪಿಗೆ ಬಗ್ಗಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ್ರೆ ಬಿಡತ್ತೆ.

ಅಡಿಗೆ

ಸಮುದ್ರದ ದಂಡೇಲಿ ಅಡಿಗೆಗೆ ಕುಕ್ಕರಿಗಿಂತ ಒಳ್ಳೇ ವಸ್ತು ಇಲ್ಲ, ಮುಚ್ಚಳ ಬಿಗಿ ಇರೋದ್ರಿಂದ ಮರಳು ಬೀಳಲ್ಲ, ಗ್ಯಾಸೂ ಕಮ್ಮಿ. ಎರಡು ಬರ್ನರಿನ ಪ್ರೊಪೇನ್ ಒಲೆ, ಎರಡೂ ಪಕ್ಕಕ್ಕೆ ಗಾಳಿ ತಡೆಯೋ ರೆಕ್ಕೆ ಇರೋದು, ಕಾರಿನ ಮರೆಗೆ ಇಟ್ಕೊಳ್ಳಿ. ಟೆಂಟೊಳಗೆ ಒಲೆ ಹಚ್ಲೇಬೇಡಿ, ಮಳೆ ಬಂದ್ರೂ ಸರಿ.

ಮನೇಲೇ ರವೆ ಹುರಿದು ಒಗ್ಗರಣೆ ಹಾಕಿ ಇಟ್ಕೊಂಡ್ರೆ ನೀರು ಕುದಿಸಿ ಹಾಕಿದ್ರೆ ಉಪ್ಪಿಟ್ಟು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿಗೆ ಬೇಕಾದ್ದು, ಇವಕ್ಕೆ ಐಸ್ ಬೇಕಿಲ್ಲ. ಉಪ್ಪು, ಸಕ್ಕರೆ ಎರಡು ದಿನಕ್ಕೇ ಗಟ್ಟಿಯಾಗತ್ತೆ, ಬಿಗಿ ಮುಚ್ಚಳದ ಬಾಟಲೀಲಿ ಹಾಕಿ. ಕಾಫಿಗೆ ರಾತ್ರೀನೇ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿ ನೀರು ಬಿಟ್ಟು, ಡಿಕಾಕ್ಷನ್ ಇಳಿದ ಮೇಲೆ ಸ್ಟೀಲ್ ಬಾಟಲಿಗೆ ಬಗ್ಗಿಸಿ ಕೂಲರಲ್ಲಿಡಿ, ಬೆಳಿಗ್ಗೆ ಹಾಲು ಕಾಯಿಸಿದ್ರೆ ಸಾಕು, ಸೂರ್ಯ ಹುಟ್ಟೋದು ಕೈತಪ್ಪಲ್ಲ.

ತಿಂಡಿ ಏನೂ ಹೊರಗಿಡ್ಬೇಡಿ, ಕೂಲರ್ ಸಮೇತ ಕಾರೊಳಗೆ. ರಕೂನುಗಳು ಜಿಪ್ಪು, ಮುಚ್ಚಳ ಎಲ್ಲಾ ಕೈಯಲ್ಲೇ ತೆಗೆಯತ್ತೆ, 1997ರಲ್ಲಿ ನಮ್ಮತ್ತೆ ಮೈಸೂರಿಂದ ಬಂದಾಗ ಮಾಡಿಕೊಟ್ಟ ಹೋಳಿಗೆ ಡಬ್ಬಿ ಹಾಗೇ ಹೋಯ್ತು, ಬೆಳಿಗ್ಗೆ ಬರೀ ಬಾಳೆ ಎಲೆ ಸಿಕ್ತು.

ದಾರಿ

ಐ-10 ಹೈವೇ ಹಿಡಿದು ಸೀದಾ ಹೋದ್ರೆ ಹ್ಯೂಸ್ಟನ್‌ನಿಂದ ಪೆನ್ಸಕೋಲಾಕ್ಕೆ ಸುಮಾರು 530 ಮೈಲಿ, ಒಂದೇ ದಿನದ ಕೆಲಸ. ನಾವು ಹೇಳ್ತಿರೋ ದಾರಿ ದಡದ ಪಕ್ಕಾನೇ, ಆದಷ್ಟೂ ದಿನಕ್ಕೆ 150 ಮೈಲಿ ಮೇಲೆ ಬೇಡ ಅಂತ ಇಟ್ಕೊಳ್ಳಿ.

ನಾವು ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಹೊರಟ್ವಿ, ಮಗನ ನಾಮಕರಣ ಆಗಿದ್ದು ಅಲ್ಲೇ. ಅಲ್ಲಿಂದ ಗ್ಯಾಲ್ವೆಸ್ಟನ್ ಒಂದು ಗಂಟೆ ದಾರಿ. ಸಮುದ್ರದ ಪಕ್ಕ ಎದ್ದಿರೋ ಆ ಉದ್ದನೇ ಗೋಡೆ 1900ರ ಸೆಪ್ಟೆಂಬರ್ 8ರ ಚಂಡಮಾರುತದಲ್ಲಿ ಸಾವಿರಾರು ಜನ ಸತ್ತ ಮೇಲೆ ಕಟ್ಟಿದ್ದು, 17 ಅಡಿ ಎತ್ತರ. ಆವಾಗ ಮಕ್ಳನ್ನ ಅದ್ರ ಮೇಲೆ ನಡೆಸ್ಕೊಂಡು ಹೋಗ್ತಿದ್ವಿ, ಅದ್ಯಾಕಿದೆ ಅಂತ ಯೋಚ್ನೆ ಕೂಡ ಮಾಡಿರ್ಲಿಲ್ಲ. ಪಾರ್ಕಲ್ಲಿ ಎರಡು ರಾತ್ರಿ ಇರಿ. ಒಂದು ಅರ್ಧ ದಿನ ಏನೂ ಇಟ್ಕೋಬೇಡಿ, ಆ ಪಿನ್ನಿನ ಜಾಗಕ್ಕೆ ಕುರ್ಚಿ ಎತ್ಕೊಂಡು ಹೋಗಿ ಸುಮ್ನೆ ಕೂತ್ಕೊಳ್ಳಿ. ನಾವು ಹೋದಾಗ ಇವ್ರು ಫೋನ್ ಹಿಡ್ಕೊಂಡು ಹತ್ತು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆದು "ಇಲ್ಲೇ ಕಣೇ, ಇಲ್ಲೇ ಟೇಬಲ್ ಇತ್ತು" ಅಂದ್ರು. "ಇಲ್ಲಾರೀ, ಟೇಬಲ್ ಬಲಗಡೆ, ಇಲ್ಲಿದ್ದಿದ್ದು ಒಲೆ" ಅಂದೆ. ಮುಕ್ಕಾಲು ಗಂಟೆ ಅಲ್ಲೇ ಕಳೀತು.

ಮಾರನೇ ದಿನ ಬೆಳಿಗ್ಗೆ ಬೇಗ ಬೊಲಿವಾರ್ ಫೆರ್ರಿಗೆ ಹೋಗಿ, ಫ್ರೀ, ಇಪ್ಪತ್ತು ನಿಮಿಷದೊಳಗೆ ದಾಟಿಸತ್ತೆ, ವಾರಾಂತ್ಯ ಆದ್ರೆ ಕ್ಯೂನಲ್ಲೇ ಗಂಟೆಗಟ್ಲೆ. ಕಾರಿಂದಿಳಿದು ಮುಂದಿನ ಕಂಬಿ ಹತ್ರ ನಿಂತ್ರೆ ಡಾಲ್ಫಿನ್ ಕಾಣತ್ತೆ. ಬೊಲಿವಾರಲ್ಲಿ ಹಳೇ ಮನೆಗಳನ್ನ ಹುಡುಕ್ಬೇಡಿ, ಐಕ್ ಅಲ್ಲಿ ಹೆಚ್ಚು ಕಮ್ಮಿ ಏನೂ ಉಳಿಸ್ಲಿಲ್ಲ, ಈಗಿರೋದೆಲ್ಲ ಎತ್ತರದ ಕಂಬದ ಮೇಲಿನ ಹೊಸ ಮನೆಗಳು.

ಹೈ ಐಲೆಂಡ್ ನನ್ನ ಜಾಗ. ಹೆಸರಲ್ಲಿ ದ್ವೀಪ ಅಂತಿದ್ರೂ ಅದು ನೆಲದಡಿ ಇರೋ ಉಪ್ಪಿನ ಗುಡ್ಡ ಮೇಲೆತ್ತಿದ ದಿಣ್ಣೆ, ಸುತ್ತ ಜೌಗು, ಅದ್ರ ಮೇಲೆ ಮಾತ್ರ ಓಕ್ ಮರಗಳು. ಏಪ್ರಿಲಲ್ಲಿ ಮೆಕ್ಸಿಕೋದ ಯುಕಟಾನಿಂದ ಸುಮಾರು 600 ಮೈಲಿ ನೀರಿನ ಮೇಲೆ ನಿಲ್ದೆ ಹಾರಿ ಬರೋ ಸಣ್ಣ ಸಣ್ಣ ಹಕ್ಕಿಗಳಿಗೆ ಕಣ್ಣಿಗೆ ಬೀಳೋ ಮೊದಲ ಮರಗಳೇ ಇವು. ಬಡಗಣ ಗಾಳಿ ಎದುರಾದ್ರೆ, ಮಳೆ ಬಂದ್ರೆ ಸುಸ್ತಾಗಿ ಒಟ್ಟೊಟ್ಟಿಗೆ ಇಳಿದ್ಬಿಡತ್ತೆ, ಒಂದು ಕೊಂಬೇಲಿ ಕಡುಗೆಂಪು, ಹಳದಿ, ನೀಲಿ, ಕೈಗೆಟುಕೋ ಎತ್ತರದಲ್ಲಿ, ಹೆದರೋಕೂ ಶಕ್ತಿ ಇರಲ್ಲ ಅವಕ್ಕೆ. ಹ್ಯೂಸ್ಟನ್ ಆಡುಬಾನ್ ಅನ್ನೋ ಸಂಘದವ್ರ ಸ್ಮಿತ್ ಓಕ್ಸ್ ಹಕ್ಕಿಧಾಮಕ್ಕೆ ಹೋಗಿ, ಅಲ್ಲಿ ಕೆರೆ ಮೇಲೆ ಗುಲಾಬಿ ಬಣ್ಣದ ಚಮಚಕೊಕ್ಕಿನ ಹಕ್ಕಿ ಗೂಡು ಕಟ್ಟಿರತ್ತೆ. ಮಧ್ಯಾಹ್ನದ ಮೇಲೆ ಹೋಗಿ, ಹಕ್ಕಿಗಳು ಸಮುದ್ರ ದಾಟಿ ಬರೋದೇ ಆ ಹೊತ್ತಿಗೆ. ಮಾತು ಕಮ್ಮಿ ಮಾಡಿ, ಜೋರಾಗಿ ನಡೀಬೇಡಿ.

ಇಲ್ಲಿಂದ ಹಳೇ ಮ್ಯಾಪ್ ಇದ್ರೆ ಎಚ್ಚರ. 87ನೇ ಹೈವೇ ದಡದ ಪಕ್ಕಾನೇ ಸೇಬೀನ್ ಪಾಸ್‌ಗೆ ಹೋಗತ್ತೆ ಅಂತ ತೋರಿಸತ್ತೆ, ಆ ತುಂಡು 1990ರ ಹೊತ್ತಿಗೇ ಸಮುದ್ರ ಪಾಲಾಗಿದೆ. 124 ಹಿಡಿದು ವಿನ್ನಿ, ಅಲ್ಲಿಂದ ಪೋರ್ಟ್ ಆರ್ಥರ್, ಸೇತುವೆ ದಾಟಿ ಲೂಸಿಯಾನಾದ 82. ಪೋರ್ಟ್ ಆರ್ಥರಲ್ಲೇ ಟ್ಯಾಂಕ್ ಫುಲ್ ಮಾಡಿ, ಮುಂದೆ ಬಂಕು ಸಿಗೋದು ಅಪರೂಪ. ಹಾಲಿ ಬೀಚ್ ದಾಟಿದ್ಮೇಲೆ ಕ್ಯಾಮರಾನ್ ಫೆರ್ರಿ ಇದೆ, ಅದು ಆಗಾಗ ನಿಂತಿರತ್ತೆ, ಬೆಳಿಗ್ಗೆ ವಿಚಾರಿಸ್ಕೊಂಡೇ ಹೊರಡಿ, ಇಲ್ಲಾಂದ್ರೆ 27ರಲ್ಲಿ ಮೇಲಕ್ಕೆ ಸಲ್ಫರ್ ಊರಿಗೆ ಸುತ್ತಾಕ್ಬೇಕು. ಕ್ಯಾಮರಾನ್ ನೋಡಿ ಸಂಕಟ ಆಯ್ತು. 1957ರ ಆಡ್ರಿ, 2005ರ ರೀಟಾ, 2020ರ ಲಾರಾ, ಮೂರು ಸಲ ಊರು ಎದ್ದು ಬಿದ್ದಿದೆ, ಈಗ ಮನೆ ಕಮ್ಮಿ, ಪಕ್ಕದಲ್ಲೇ ದೊಡ್ಡ ಗ್ಯಾಸ್ ಪ್ಲಾಂಟು. ರಾತ್ರಿಗೆ ಅಬ್ಬೆವಿಲ್ ಕೆಳಗಿನ ಪಾಲ್ಮೆಟ್ಟೋ ಐಲೆಂಡ್ ಸ್ಟೇಟ್ ಪಾರ್ಕು, ನೀರು, ಕರೆಂಟು ಎರಡೂ ಇದೆ, ಸೊಳ್ಳೇನೂ ಇದೆ.

ನ್ಯೂ ಆರ್ಲಿಯನ್ಸ್‌ನ ನಾವು ಬಿಟ್ವಿ, ಅದಕ್ಕೆ ಬೇರೆ ಟ್ರಿಪ್ಪೇ ಬೇಕು. ಓಷನ್ ಸ್ಪ್ರಿಂಗ್ಸ್‌ನ ಡೇವಿಸ್ ಬಾಯೂ ನೆರಳಿನ ಜಾಗ, ಅಲ್ಲಿ ಎರಡು ರಾತ್ರಿ ಸುಧಾರಿಸ್ಕೊಳ್ಳಿ, ಬಟ್ಟೆ ಒಗ್ಕೊಳ್ಳಿ. ನೀರಿನ ಅಂಚಲ್ಲಿ ಪಾತ್ರೆ ತೊಳೀಬೇಡಿ, ಅದು ಅಲಿಗೇಟರ್ ಇರೋ ನೀರು.

ಆಮೇಲೆ ಅಲಬಾಮಾದ ಡಾಫಿನ್ ಐಲೆಂಡ್. ಅಲ್ಲಿನ ಗೇನ್ಸ್ ಕೋಟೆ ಪಕ್ಕದಿಂದ ಫೋರ್ಟ್ ಮಾರ್ಗನ್‌ಗೆ ಫೆರ್ರಿ, ಸುಮಾರು 40 ನಿಮಿಷ, ಇದಕ್ಕೆ ದುಡ್ಡು ಕೊಡ್ಬೇಕು, ಗಾಳಿ ಜಾಸ್ತಿ ಇದ್ರೆ ಓಡಲ್ಲ. ಮೊಬೈಲ್ ಅನ್ನೋ ಊರಿನ ಕೊಲ್ಲಿ ಸುತ್ತೋದು ತಪ್ಪತ್ತೆ ಅನ್ನೋದಕ್ಕಿಂತ, ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಕಾಳಗ ನಡೆದ ನೀರಿನ ಮೇಲೆ ಎರಡು ಕೋಟೆ ನಡುವೆ ಹೋಗ್ತೀವಿ, ಇವ್ರ ಪಟ್ಟೀಲಿ ಮೊದಲನೇದು ಇದೇ.

ಕೊನೇ ನಿಲ್ದಾಣ, ಫೋರ್ಟ್ ಪಿಕೆನ್ಸ್

ಇಲ್ಲಿ ಮೂರು ರಾತ್ರಿ ಇಡಿ, ಕಮ್ಮಿ ಬೇಡ. ಅಪಲಾಚಿಯನ್ ಬೆಟ್ಟಗಳಿಂದ ನದಿಗಳು ಹೊತ್ತು ತಂದ ಸ್ಫಟಿಕದ ಮರಳು, ಅಕ್ಕಿ ಹಿಟ್ಟಿನ ಬಿಳುಪು, ಬರಿಗಾಲಲ್ಲಿ ನಡೆದ್ರೆ ಕೀಚ್ ಕೀಚ್ ಅನ್ನತ್ತೆ. ಕೋಟೆ ಮುಗಿದಿದ್ದು 1834ರಲ್ಲಿ, 1880ರ ದಶಕದಲ್ಲಿ ಅಪಾಚೆ ನಾಯಕ ಜೆರೊನಿಮೋನ ಇಲ್ಲೇ ಸೆರೆಯಿಟ್ಟಿದ್ರು. ಆ ಕತ್ತಲೆ ಇಟ್ಟಿಗೆ ಕಮಾನುಗಳಲ್ಲಿ ನಡೆಯೋವಾಗ ಮಗಳು ಕೈ ಗಟ್ಟಿ ಹಿಡ್ಕೊಂಡಿದ್ದು ನೆನಪಾಯ್ತು, ಅಲ್ಲಿಂದ್ಲೇ ಅವಳಿಗೆ ವಿಡಿಯೋ ಕಾಲ್ ಮಾಡಿದ್ವಿ.

ಇಲ್ಲಿಗೆ ಇರೋದು ಒಂದೇ ರಸ್ತೆ, ಎರಡೂ ಕಡೆ ನೀರು. 2004ರ ಐವನ್, 2005ರ ಡೆನಿಸ್ ಚಂಡಮಾರುತ ಆದ್ಮೇಲೆ ಅದು ಕಾರಿಗೆ ಮತ್ತೆ ತೆರೆದಿದ್ದೇ 2009ರಲ್ಲಿ. ದಕ್ಷಿಣದಿಂದ ಜೋರು ಗಾಳಿ ಬೀಸಿದ್ರೆ ಈಗ್ಲೂ ನೀರು ಉಕ್ಕಿ ರಸ್ತೆ ಮುಚ್ತಾರೆ. ದಿನಾ ಬೆಳಿಗ್ಗೆ ಹವಾಮಾನ ನೋಡಿ, ರೇಂಜರ್ ಹೊರಡಿ ಅಂದ್ರೆ ಟೆಂಟ್ ಒದ್ದೆ ಇದ್ರೂ ಕಿತ್ತು ಹೊರಡಿ. ಬಿಪಿ ಮಾತ್ರೆ, ಶುಗರ್ ಮಾತ್ರೆ ಎರಡು ದಿನದ್ದು ಜಾಸ್ತಿ ಇರ್ಲಿ.

ನೀರಿಗಿಳಿಯೋಕೆ ಮುಂಚೆ ಬಾವುಟ ನೋಡಿ. ಹಳದಿ ಅಂದ್ರೆ ಜೋಪಾನ, ಕೆಂಪು ಅಂದ್ರೆ ಅಪಾಯ, ಎರಡು ಕೆಂಪು ಅಂದ್ರೆ ಇಳಿಯೋ ಹಾಗೇ ಇಲ್ಲ, ನೇರಳೆ ಅಂದ್ರೆ ಕಚ್ಚೋ ಜೆಲ್ಲಿಫಿಶ್ ಇದೆ. ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆ ಈಜಿ ಸುಸ್ತಾಗ್ಬೇಡಿ, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ, ಸೆಳೆತ ಕಮ್ಮಿಯಾದ್ಮೇಲೆ ದಡಕ್ಕೆ ಬನ್ನಿ. ಒಬ್ರು ಇಳಿದ್ರೆ ಇನ್ನೊಬ್ರು ದಡದಲ್ಲಿ ನಿಂತು ನೋಡ್ತಿರಿ. ನಾವು ಮಂಡಿವರೆಗೆ ಮಾತ್ರ ಹೋದ್ವಿ, ಕೈ ಹಿಡ್ಕೊಂಡು, ಅಷ್ಟೇ ಬೇಕಾಗಿತ್ತು.

ಮನೆಗೆ ಬಂದ್ಮೇಲೆ

ಸುಸ್ತು ಅಂತ ನಾಳೆಗೆ ಹಾಕ್ಬೇಡಿ, ಉಪ್ಪು ಕಾಯಲ್ಲ. ಕಾರ್ ವಾಷಲ್ಲಿ ಕಾರಿನ ಅಡಿಭಾಗ ತೊಳೆಸಿ. ಟೆಂಟಿನ ಕೋಲು, ಜಿಪ್ಪು, ಒಲೆ ಎಲ್ಲಾ ಸಿಹಿನೀರಲ್ಲಿ ತೊಳೆದು ಒರೆಸಿ, ಟೆಂಟನ್ನ ಎರಡು ದಿನ ಗರಾಜಲ್ಲಿ ಹರಡಿ ಒಣಗಿಸಿ ಮಡಚಿ, ಒದ್ದೆ ಇದ್ರೆ ಬೂಷ್ಟು ಬರತ್ತೆ. ಅಕ್ಕಿ ಚೀಲಗಳನ್ನೂ ಕೊಡವಿ ಟೆಂಟಿನ ಜೊತೇಲೇ ಇಡಿ. ನಾವು ಈ ಸಲ ಅದನ್ನ ಅಟ್ಟಕ್ಕೆ ಹಾಕ್ಲಿಲ್ಲ, ಬಾಗಿಲ ಪಕ್ಕದ ಕೆಳಗಿನ ಶೆಲ್ಫಲ್ಲೇ ಇಟ್ಟಿದೀವಿ, ನವೆಂಬರಿಗೆ ಗ್ಯಾಲ್ವೆಸ್ಟನ್ ಎರಡು ರಾತ್ರಿ ಬುಕ್ ಆಗಿದೆ.